ಕಪ್ಪತಗುಡ್ಡದ ಚಿನ್ನ ಪ್ರವಾಸಿಗರ ಕಣ್ಣಿಗೆ ಬೀಳದ್ದೇಕೆ?

ಗದಗ ಜಿಲ್ಲೆಗೆ ಬರುವ ಪ್ರವಾಸಿಗರು ಹಿಡಿಯುವ ದಾರಿ ಬಹುಮಟ್ಟಿಗೆ ನಿಗದಿಯಾದದ್ದು. ನಗರದಲ್ಲಿ ತ್ರಿಕೂಟೇಶ್ವರ ಮತ್ತು ವೀರನಾರಾಯಣ ದೇವಾಲಯಗಳನ್ನು ನೋಡಿ, ಲಕ್ಕುಂಡಿಯ ಗುಡಿ–ಬಾವಿಗಳನ್ನು ಸುತ್ತಿ, ಡಂಬಳದ ದೊಡ್ಡಬಸಪ್ಪನ ದರ್ಶನ ಪಡೆದು, ಚಳಿಗಾಲವಾಗಿದ್ದರೆ ಮಾಗಡಿ ಕೆರೆಯ ಪಟ್ಟೆತಲೆಯ ಹೆಬ್ಬಾತುಗಳನ್ನೂ ಕಂಡು ಅವರು ಮರಳುತ್ತಾರೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವನ್ನು ಏರುವವರೂ ಈಚೆಗೆ ಹೆಚ್ಚಿದ್ದಾರೆ. ಗಾಳಿಗುಂಡಿ ಬಸವಣ್ಣ, ಕಪ್ಪತ ಮಲ್ಲಯ್ಯ, ಗಾಳಿ ವಿದ್ಯುತ್ ಕಂಬಗಳ ಸಾಲು ಅವರ ಫೋಟೊಗಳಲ್ಲಿ ತಪ್ಪದೆ ಇರುತ್ತವೆ. ಆದರೆ ಇದೇ ಗುಡ್ಡದ ಆಸುಪಾಸಿನಲ್ಲಿ ಒಂದು ಶತಮಾನದ ಹಿಂದೆ ಚಿನ್ನದ ಗಣಿಗಳಿದ್ದವು, ಅದಕ್ಕೂ ಮುಂಚೆ ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವವರಿದ್ದರು ಎಂಬುದನ್ನು ತಿಳಿಸುವ ಏರ್ಪಾಡು ಈ ದಾರಿಯಲ್ಲಿಲ್ಲ. ಚಿನ್ನದ ಗಣಿ ಎಂದರೆ ಕೋಲಾರ, ಹೆಚ್ಚೆಂದರೆ ಹಟ್ಟಿ ಎಂದು ಗದಗಿನವರೇ ಹೇಳುವಂತಾಗಿದೆ.

ಕೋಲಾರ, ಹಟ್ಟಿ, ಗದಗ ಮೂರೂ ಕಡೆ ಚಿನ್ನ ಸಿಗುವುದು ಒಂದೇ ಬಗೆಯ ಪ್ರಾಚೀನ ಶಿಲಾಪಟ್ಟಿಗಳಲ್ಲಿ. ಭೂವಿಜ್ಞಾನಿಗಳು ಇವನ್ನು ಧಾರವಾಡ ಶಿಲೆಗಳೆಂದು ಕರೆಯುತ್ತಾರೆ. ಆ ಹೆಸರಿಟ್ಟವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಈ ಶಿಲೆಗಳನ್ನು ಸೀಳಿಕೊಂಡು ಹೋದ ಬೆಣಚುಕಲ್ಲಿನ ಎಳೆಗಳಲ್ಲಿ ಚಿನ್ನವು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಅಡಗಿರುತ್ತದೆ. ಮಳೆಗೆ ಕಲ್ಲು ಸವೆದಂತೆ ಕೆಲವು ಕಣಗಳು ಹಳ್ಳಕ್ಕೆ ಇಳಿಯುತ್ತವೆ, ಹಗುರವಾದ ಮರಳು ಕೊಚ್ಚಿಹೋದರೂ ಭಾರವಾದ ಚಿನ್ನ ತಳದ ಕಪ್ಪು ಮರಳಿನೊಂದಿಗೆ ಉಳಿದುಕೊಳ್ಳುತ್ತದೆ. ಮರಳು ತೊಳೆದು ಚಿನ್ನ ತೆಗೆಯುವ ಜಲಗಾರರ ಕಸುಬು ನಿಂತಿದ್ದುದು ಈ ಸರಳ ಸಂಗತಿಯ ಮೇಲೆ. ದೊಡ್ಡ ಮಳೆಯಾಗಿ ಹಳ್ಳ ತುಂಬಿ ಇಳಿದ ಮೇಲೆ ಅವರು ಹೊಸ ಮರಳನ್ನು ಮರದ ಮರಿಗೆಯಲ್ಲಿ ತುಂಬಿ, ನೀರಿನಲ್ಲಿ ಆಡಿಸಿ, ಹಗುರ ಮರಳನ್ನು ಚೆಲ್ಲುತ್ತ ಚೆಲ್ಲುತ್ತ ಕೊನೆಗೆ ಉಳಿದ ಹಿಡಿ ಕಪ್ಪು ಮರಳಿನಲ್ಲಿ ಚಿನ್ನದ ಚೂರುಗಳನ್ನು ಹುಡುಕುತ್ತಿದ್ದರು. ಫೂಟ್ ಈ ಗುಡ್ಡಗಳನ್ನು ಡಂಬಳದ ಗುಡ್ಡಗಳೆಂದು ಕರೆದು 1874ರಲ್ಲಿ ಬರೆದ ವರದಿಗೆ ಆಧಾರವಾದದ್ದರಲ್ಲಿ ಜಲಗಾರರ ಕೈಯಿಂದಲೇ ಮರಳು ತೊಳೆಸಿ ನೋಡಿದ ಪರೀಕ್ಷೆಗಳೂ ಇದ್ದವು. ಡೋಣಿ ಮತ್ತು ಸೊರಟೂರು ಕಡೆಯ ಹಳ್ಳಗಳನ್ನು ಹೋಲಿಸಿ, ಸೊರಟೂರಿನದೇ ಮೇಲೆಂದು ಅವರು ಕಂಡುಕೊಂಡರು. ದೇಶದ ಭೂವಿಜ್ಞಾನದ ಚರಿತ್ರೆಯಲ್ಲಿ ಫೂಟ್ ಹೆಸರು ದೊಡ್ಡದಾಗಿ ಉಳಿಯಿತು. ಹಳ್ಳದ ಯಾವ ತಿರುವಿನಲ್ಲಿ ಮರಳು ತೆಗೆಯಬೇಕೆಂದು ಬಲ್ಲವರ ಒಂದು ಹೆಸರೂ ಜನರ ನೆನಪಿಗೆ ಬರಲಿಲ್ಲ.

ಗಣಿ ಕಂಪನಿಗಳು ಬಂದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. ಕೋಲಾರದಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಗಳಿಸುತ್ತಿದ್ದ ಲಾಭವನ್ನು ಲಂಡನ್ನಿನ ಹೂಡಿಕೆದಾರರು ಕಣ್ಣಾರೆ ಕಂಡಿದ್ದರು. ಅದೇ ಆಸೆಯಿಂದ ಕಬಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿಗಳ ಸುತ್ತ ನೆಲದಾಳಕ್ಕೆ ತೋಡಿದ ಗಣಿಬಾವಿಗಳು, ಅಂದರೆ ಶಾಫ್ಟ್‌ಗಳು ಇಳಿದವು. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದರಿಂದ ಒಂದು ಗಣಿಗೆ ಸಾಂಗ್ಲಿಯ ಹೆಸರೇ ಅಂಟಿಕೊಂಡಿತು. ಕೋಲಾರದ ಚಾಂಪಿಯನ್ ರೀಫ್ ಗಣಿ ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಗದಗಿನ ಗಣಿಗಳು ಹೆಚ್ಚು ಕಾಲ ಬಾಳಲಿಲ್ಲ. ಅಲ್ಪಾಯುಷಿ ಗಣಿಯ ಸುತ್ತ ಊರು ಬೆಳೆಯುವುದಿಲ್ಲ. ಕೋಲಾರದಲ್ಲಿ ಬಂಗಲೆ, ಕ್ಲಬ್ಬು, ಕಾರ್ಮಿಕರ ಲೈನುಗಳು, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು ಎಲ್ಲ ಸೇರಿ ಒಂದು ಪಟ್ಟಣವೇ ಎದ್ದಿತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿ ತೋರಿಸಲು ಶಾಫ್ಟ್ ಗೋಪುರಗಳಿವೆ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸೈನೈಡ್ ದಿಬ್ಬಗಳಿವೆ. ಇಲ್ಲಿ ಉಳಿದದ್ದು ಕುರುಚಲು ಕಾಡಿನ ನಡುವಿನ ಗುಂಡಿಗಳು.

ಚಿನ್ನದ ಮಾತು ಮತ್ತೆ ಜೋರಾಗಿ ಎದ್ದದ್ದು 21ನೇ ಶತಮಾನದಲ್ಲಿ, ಆಗ ಅದು ಜಗಳದ ಮಾತಾಗಿತ್ತು. ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ 2011ರಲ್ಲಿ ರೈತರು ತೋರಿದ ವಿರೋಧ ಜಿಲ್ಲೆಗೆ ಹೋರಾಟದ ಅಭ್ಯಾಸವನ್ನು ಮಾಡಿಸಿತ್ತು. ಕಪ್ಪತಗುಡ್ಡಕ್ಕೆ 2015ರ ಕೊನೆಯಲ್ಲಿ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು, 2016ರ ನವೆಂಬರಿನಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಚಿನ್ನದ ಗಣಿಗಾರಿಕೆಗೆ ದಾರಿ ಮಾಡಿಕೊಡಲು ಹೀಗಾಯಿತೆಂಬ ಆಕ್ರೋಶ ಹಬ್ಬಿ, 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಗದಗಿನಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಅದೇ ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು.

ಈ ಹೋರಾಟ ಗುಡ್ಡವನ್ನು ಉಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಔಷಧಿ ಸಸ್ಯಗಳ ಗುಡ್ಡ, ಉತ್ತರ ಕರ್ನಾಟಕದ ಸಹ್ಯಾದ್ರಿ ಎಂಬ ಮಾತುಗಳು ಬಲವಾದಷ್ಟೂ ಚಿನ್ನದ ಹಳೆಯ ಕಥೆ ಹೇಳುವುದು ಗಣಿಯ ಪರ ವಕಾಲತ್ತಿನಂತೆ ಕೇಳಿಸತೊಡಗಿತು. ಪ್ರವಾಸೋದ್ಯಮದ ಚರ್ಚೆಯಲ್ಲಿ ಈ ಚರಿತ್ರೆ ಬದಿಗೆ ಸರಿಯಲು ಇದು ಮುಖ್ಯ ಕಾರಣವೆಂದು ನನಗನ್ನಿಸುತ್ತದೆ.

ಆಸ್ಟ್ರೇಲಿಯಾದ ಬಲ್ಲಾರಟ್‌ನಲ್ಲಿ 1851ರಲ್ಲಿ ಚಿನ್ನ ಸಿಕ್ಕಿತ್ತು. 1970ರಲ್ಲಿ ಅಲ್ಲಿ ಸಾವರಿನ್ ಹಿಲ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆಯಿತು. ಹಳೆಯ ಕಾಲದ ಬೀದಿಯಲ್ಲಿ ಓಡಾಡಿ, ಸುರಂಗಕ್ಕೆ ಇಳಿದು, ತೊರೆಯ ಮರಳನ್ನು ತಟ್ಟೆಯಲ್ಲಿ ತೊಳೆದು ಚಿನ್ನದ ಚೂರು ಹುಡುಕುವುದು ಪ್ರವಾಸಿಗರಿಗೆ ಅಲ್ಲಿನ ದೊಡ್ಡ ಆಕರ್ಷಣೆ. ಇದನ್ನು ಕಪ್ಪತಗುಡ್ಡಕ್ಕೆ ಹಾಗೆಯೇ ತರಬೇಕೆನ್ನುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಬೇಕು. ವನ್ಯಜೀವಿಧಾಮದೊಳಗೆ ಪ್ರವಾಸಕ್ಕೂ ಅನುಮತಿ ಬೇಕು. ಅಲ್ಲಿನ ನೀರಿನ ಹರಿವನ್ನು ತಿರುಗಿಸುವುದಕ್ಕೂ ತಡೆಯುವುದಕ್ಕೂ ಕಾಯ್ದೆಯ 29ನೇ ಕಲಮಿನ ನಿರ್ಬಂಧವಿದೆ. ಧಾಮದ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟಪಡಿಸಿದೆ. ಹಳೆಯ ಶಾಫ್ಟ್‌ಗಳನ್ನು ತೆರೆದು ಜನರನ್ನು ಇಳಿಸುವುದಂತೂ ಅಪಾಯವನ್ನು ಕರೆದು ಕೂರಿಸಿಕೊಂಡಂತೆ: ಕುಸಿಯುವ ಗೋಡೆ, ತುಂಬಿದ ನೀರು, ಉಸಿರು ಕಟ್ಟಿಸುವ ಗಾಳಿ. ಅವುಗಳಿಗೆ ಬೇಕಾದದ್ದು ಗಟ್ಟಿ ಬೇಲಿ ಮತ್ತು ಎಚ್ಚರಿಕೆಯ ಫಲಕ.

ಚಿನ್ನದ ಕಥೆ ಹೇಳಲು ತಕ್ಕ ಜಾಗ ಗುಡ್ಡದ ಹೊರಗೇ ಇದೆ, ಅದು ಲಕ್ಕುಂಡಿ. ಕಲ್ಯಾಣ ಚಾಲುಕ್ಯರ ಕಾಲದ ಲೊಕ್ಕಿಗುಂಡಿಯಲ್ಲಿ ಟಂಕಸಾಲೆಯಿತ್ತು, ಅಲ್ಲಿನ ಚಿನ್ನದ ನಾಣ್ಯವಾದ ಗದ್ಯಾಣಕ್ಕೆ ಶಾಸನಗಳಲ್ಲಿ ಹೆಸರಿದೆ. ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ 1,500 ಚಿನ್ನ–ರತ್ನಗಳ ಜಿನಬಿಂಬಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡಿಗರಿಗೆ ಗೊತ್ತಿರುವ ಮಾತೇ. ಆ ಚಿನ್ನವೆಲ್ಲ ಕಪ್ಪತಗುಡ್ಡದ್ದೇ ಎಂದು ಹುಮ್ಮಸ್ಸಿನಲ್ಲಿ ಫಲಕ ಬರೆಸುವ ಅಗತ್ಯವಿಲ್ಲ. ಬೆಣಚುಕಲ್ಲಿನ ಒಂದು ತುಂಡು, ಶಾಫ್ಟ್‌ಗಳ ನಕ್ಷೆ, ಫೂಟ್ ವರದಿಯ ಕನ್ನಡ ಅನುವಾದ, ಗದ್ಯಾಣದ ಒಂದು ಪ್ರತಿಕೃತಿ, ಮಕ್ಕಳು ಕೈಯಾರೆ ಮರಳು ತೊಳೆದು ನೋಡಲು ನೀರಿನ ತೊಟ್ಟಿ ಮತ್ತು ಮರಿಗೆ: ಇಷ್ಟಕ್ಕೆ ಒಂದು ಸಾಧಾರಣ ಕೋಣೆ ಸಾಕು, ಕಪ್ಪತಗುಡ್ಡದ ಒಂದು ಕಲ್ಲನ್ನೂ ಕದಲಿಸಬೇಕಾಗಿಲ್ಲ.