ಮತ ಮಕ್ಕಳದ್ದು, ಪಟ್ಟಿ ಯಾರದ್ದು?

ಮಕ್ಕಳ ಪುಸ್ತಕಗಳಿಗೆ ಬಹುಕಾಲ ಬಹುಮಾನ ಕೊಡುತ್ತಿದ್ದವರು ದೊಡ್ಡವರೇ. ಅಮೆರಿಕದ ನ್ಯೂಬೆರಿ ಪದಕ 1922ರಲ್ಲಿ, ಬ್ರಿಟನ್ನಿನ ಕಾರ್ನೆಗಿ ಪದಕ 1936ರಲ್ಲಿ ಶುರುವಾದವು. ಎರಡರಲ್ಲೂ ತೀರ್ಪು ಗ್ರಂಥಪಾಲಕರದು. ಆದರೆ ಪದಕದ ಮುದ್ರೆ ಬಿದ್ದ ಪುಸ್ತಕ ಕಪಾಟಿನಲ್ಲಿ ಹೊಸದಾಗಿಯೇ ಉಳಿದು, ಅದರ ಪಕ್ಕದ್ದು ಮಕ್ಕಳ ಕೈಯಲ್ಲಿ ಬೆನ್ನು ಕಿತ್ತುಬರುವಷ್ಟು ಸವೆಯುವುದನ್ನು ಶಾಲಾ ಗ್ರಂಥಾಲಯದವರೆಲ್ಲ ನೋಡಿರುತ್ತಾರೆ.

ಸಿಯಾಟಲ್‌ನ ಪುಸ್ತಕ ವ್ಯಾಪಾರಿ ಹ್ಯಾರಿ ಹಾರ್ಟ್‌ಮನ್ 1940ರಲ್ಲಿ ತೀರ್ಪನ್ನು ಮಕ್ಕಳಿಗೇ ಬಿಡುವ ಪ್ರಶಸ್ತಿಗೆ ನಾಂದಿ ಹಾಡಿದರು. ಯಾವುದು ಖರ್ಚಾಗುತ್ತದೆ, ಯಾವುದು ದೂಳು ಹಿಡಿಯುತ್ತದೆ ಎಂಬುದು ವ್ಯಾಪಾರಿಗಲ್ಲದೆ ಇನ್ಯಾರಿಗೆ ಚೆನ್ನಾಗಿ ಗೊತ್ತು! ಪೆಸಿಫಿಕ್ ವಾಯವ್ಯದ, ಅಂದರೆ ಅಮೆರಿಕ-ಕೆನಡಾಗಳ ವಾಯವ್ಯ ಮೂಲೆಯ, ಗ್ರಂಥಾಲಯ ಸಂಘ ನಡೆಸುವ ಈ ಪ್ರಶಸ್ತಿ ಉತ್ತರ ಅಮೆರಿಕದಲ್ಲಿ ಈ ಬಗೆಯ ಅತ್ಯಂತ ಹಳೆಯದು. 1952ರಲ್ಲಿ ಕ್ಯಾನ್ಸಸ್‌ನಲ್ಲಿ ರೂತ್ ಗಾರ್ವರ್ ಗಾಗ್ಲಿಯಾರ್ಡೊ ಇಂಥದ್ದೇ ಇನ್ನೊಂದನ್ನು ಕಟ್ಟಿದರು. ಅಲ್ಲಿಂದ ಒಂದೊಂದೇ ರಾಜ್ಯ ತನ್ನದೊಂದು ಪ್ರಶಸ್ತಿ ಮಾಡಿಕೊಳ್ಳುತ್ತ ಹೋಯಿತು. ಬ್ರಿಟನ್ನಿನಲ್ಲಿ 1980ರ ದಶಕದಿಂದೀಚೆಗೆ ಲ್ಯಾಂಕಾಶೈರ್, ಶೆಫೀಲ್ಡ್‌ನಂಥ ಕೌಂಟಿ, ನಗರಗಳ ಮಟ್ಟದಲ್ಲೂ ಇವು ಹುಟ್ಟಿದವು. ಶಾಲೆಗಳಿಗೆ ಪೆಟ್ಟಿಗೆ ಪೆಟ್ಟಿಗೆಯಾಗಿ ಪುಸ್ತಕ ಎರವಲು ಕೊಡುವ ಗ್ರಂಥಾಲಯ ಸೇವೆಗಳು ಇವಕ್ಕೆ ಬೆನ್ನೆಲುಬು.

ಮತ ಮಕ್ಕಳ ಕೈಗೆ ಬಂತು, ಸರಿ. ಪಟ್ಟಿ ಮಾತ್ರ ದೊಡ್ಡವರ ಕೈಯಲ್ಲೇ ಉಳಿಯಿತು. ಹೆಚ್ಚಿನ ಪ್ರಶಸ್ತಿಗಳಲ್ಲಿ ಶಿಕ್ಷಕರು, ಗ್ರಂಥಪಾಲಕರು ಸೇರಿ ಕಿರುಪಟ್ಟಿ ಮಾಡುತ್ತಾರೆ, ಮಕ್ಕಳು ಅದರೊಳಗೇ ಆರಿಸುತ್ತಾರೆ. ದೊಡ್ಡವರಿಗೆ ಇಷ್ಟವಿಲ್ಲದ್ದು ಮತಪತ್ರದ ತನಕ ಬರುವುದೇ ಇಲ್ಲ. ಬ್ರಿಟನ್ನಿನ ಮಕ್ಕಳ ಪುಸ್ತಕ ಗುಂಪುಗಳ ಒಕ್ಕೂಟ 1980ರಲ್ಲಿ ತಂದ ಪ್ರಶಸ್ತಿ ಇದನ್ನು ನೇರವಾಗಿ ಎದುರಿಸಿತು. ಪ್ರಕಾಶಕರು ಕಳಿಸಿದ ಹೊಸ ಪುಸ್ತಕಗಳನ್ನು ವರ್ಷವಿಡೀ ಮಕ್ಕಳ ಗುಂಪುಗಳೇ ಓದಿ ಅಂಕ ಕೊಡುತ್ತವೆ, ಆ ಅಂಕಗಳಿಂದಲೇ ಕಿರುಪಟ್ಟಿ ಮೂಡುತ್ತದೆ, ಆಮೇಲೆ ಮತದಾನ. ನೂರಾರು ಪುಸ್ತಕ ಗುಂಪಿನಿಂದ ಗುಂಪಿಗೆ ಓಡಾಡಬೇಕಾದ್ದರಿಂದ ಸ್ವಯಂಸೇವಕರ ಬೆವರು ಇಳಿಯುವ ಕೆಲಸ ಇದು. ಉಳಿದವರು ಈ ದಾರಿ ಹಿಡಿಯದಿರುವುದಕ್ಕೆ ಮುಖ್ಯ ಕಾರಣವೂ ಅದೇ ಇರಬೇಕು.

ಎರಡನೆಯ ಜಗಳ ಎಷ್ಟು ಓದಿದವರಿಗೆ ಮತ ಎಂಬುದರ ಮೇಲೆ. ಟೆಕ್ಸಸ್‌ನ ಬ್ಲೂಬಾನೆಟ್ ಪ್ರಶಸ್ತಿಯಲ್ಲಿ ಪಟ್ಟಿಯಲ್ಲಿರುವುದು 20 ಪುಸ್ತಕ, ಮತ ಹಾಕಲು 5 ಓದಿರಬೇಕು. ಕೆನಡಾದ ಒಂಟಾರಿಯೊದಲ್ಲಿ 1994ರಲ್ಲಿ ಆರಂಭವಾದ ಸಿಲ್ವರ್ ಬರ್ಚ್‌ನಲ್ಲಿ 10ರಲ್ಲಿ 5. ಫ್ರಾನ್ಸ್‌ನಲ್ಲಿ 1988ರಲ್ಲಿ ಶುರುವಾದ ಇನ್‌ಕರಪ್ಟಿಬಲ್ಸ್ ಪ್ರಶಸ್ತಿಯದು ಇನ್ನೂ ಬಿಗಿ: ಆಯ್ಕೆಯ ಎಲ್ಲ ಪುಸ್ತಕಗಳನ್ನೂ ಓದಿ, ಸ್ವಂತ ಅಭಿಪ್ರಾಯ ರೂಪಿಸಿಕೊಂಡು ಮತ ಹಾಕುತ್ತೇನೆ ಎಂದು ಮಕ್ಕಳು ಮಾತು ಕೊಡುತ್ತಾರೆ. ಪಟ್ಟಿ ಚಿಕ್ಕದಿರುವುದರಿಂದ ಅದು ಅಲ್ಲಿ ನಡೆಯುತ್ತದೆ.

ಈ ಸಂಖ್ಯೆಗಳ ಹಿಂದಿರುವುದು ಆದರ್ಶಕ್ಕಿಂತ ಹೆಚ್ಚಾಗಿ ಪ್ರತಿಗಳ ಲೆಕ್ಕ. 30 ಮಕ್ಕಳ ತರಗತಿ, 6 ಪುಸ್ತಕದ ಪಟ್ಟಿ, ಒಬ್ಬರು ಕನಿಷ್ಠ 4 ಓದಬೇಕು ಎಂದುಕೊಳ್ಳಿ. ಒಟ್ಟು 120 ಓದು. ಪ್ರತಿ ಪುಸ್ತಕಕ್ಕೆ ಎರಡರಂತೆ 12 ಪ್ರತಿಗಳಿದ್ದರೆ ಒಂದೊಂದು ಪ್ರತಿ 10 ಕೈ ದಾಟಬೇಕು. ಕೈಗೆ ಒಂದು ವಾರ ಎಂದರೂ 10 ವಾರ. ಒಂದೊಂದೇ ಪ್ರತಿ ಇದ್ದರೆ 20 ವಾರ, ಎರಡೇ ಪ್ರತಿ ಇಟ್ಟುಕೊಂಡು ಆರನ್ನೂ ಎಲ್ಲರೂ ಓದಬೇಕೆಂದರೆ 15 ವಾರ. ಇದರ ಮೇಲೆ ಕಳೆದುಹೋಗುವುದು, ಜ್ವರ ಬಂದವನ ಚೀಲದಲ್ಲೇ ಪುಸ್ತಕ ಹತ್ತು ದಿನ ಕೂರುವುದು ಇದ್ದೇ ಇದೆ. ಆದ್ದರಿಂದ ಲೆಕ್ಕಕ್ಕೆ ಬಂದದ್ದಕ್ಕಿಂತ ಮೂರು ವಾರ ಹೆಚ್ಚಿಗೆ ಇಟ್ಟುಕೊಳ್ಳುವುದು ಕ್ಷೇಮ. ಪೇಪರ್‌ಬ್ಯಾಕ್ ಬಾರದ ಪುಸ್ತಕವನ್ನು ಪಟ್ಟಿಗೆ ಸೇರಿಸಿದರೆ ಪ್ರತಿಗಳ ಬಜೆಟ್ ಅಲ್ಲೇ ಕೈಕೊಡುತ್ತದೆ. ಸರಣಿಯ ಮೂರನೆಯ ಭಾಗವೂ ಬೇಡ. ಮೊದಲೆರಡನ್ನು ಓದದವರು ನಾಲ್ಕನೇ ಪುಟಕ್ಕೇ ಮಡಚಿಡುತ್ತಾರೆ. ಇನ್ನೂ ಓದಲು ಕಲಿಯುತ್ತಿರುವ ಪುಟ್ಟವರಿಗೆ ಈ ಲೆಕ್ಕವೇ ಬೇಕಿಲ್ಲ: ಚಿತ್ರಪುಸ್ತಕಗಳನ್ನು ಶಿಕ್ಷಕರು ಗಟ್ಟಿಯಾಗಿ ಓದಿ ಹೇಳಿದರೆ ಒಂದೇ ವಾರದಲ್ಲಿ ಪಟ್ಟಿ ಮುಗಿಯುತ್ತದೆ.

ಎಡವುವುದು ಹೆಚ್ಚಾಗಿ ಎಣಿಕೆಯಲ್ಲಿ. ಒಂದು ಪುಸ್ತಕವನ್ನು 28 ಮಕ್ಕಳು ಓದಿದ್ದಾರೆ, ಅದಕ್ಕೆ 12 ಮತ. ಇನ್ನೊಂದನ್ನು ಓದಿದವರು 9, ಅವರಲ್ಲಿ 8 ಮಂದಿಯ ಮತ ಅದಕ್ಕೇ. ಬರೀ ಮತ ಎಣಿಸಿದರೆ ಗೆಲ್ಲುವುದು ಮೊದಲನೆಯದು, ಅಂದರೆ ಹೆಚ್ಚು ಪ್ರತಿ ಇದ್ದದ್ದು ಅಥವಾ ಹೆಸರಾಂತ ಲೇಖಕರದು. ಓದಿದವರಲ್ಲಿ ಎಷ್ಟು ಮಂದಿ ಮೆಚ್ಚಿದರು ಎಂದು ನೋಡಿದರೆ ಶೇ. 43ರ ಎದುರು ಶೇ. 89. ಹಾಗೆಂದು ಶೇಕಡಾ ಲೆಕ್ಕವೇ ನ್ಯಾಯ ಎನ್ನಲೂ ಆಗದು. ದಪ್ಪ ಪುಸ್ತಕವನ್ನು ಮುಟ್ಟುವವರೇ ಓದಿನ ಹುಚ್ಚಿನವರು, ಅವರು ಹೇಗೂ ಮೆಚ್ಚುತ್ತಾರೆ. ಮತಪತ್ರದಲ್ಲಿ ಓದಿದ ಪುಸ್ತಕಗಳಿಗೆಲ್ಲ ಗುರುತು ಹಾಕಿಸಿ, ಅವಕ್ಕೆ 1ರಿಂದ 5 ಅಂಕ ಕೊಡಿಸಿ, ತರಗತಿಯ ಅರ್ಧದಷ್ಟಾದರೂ ಮಕ್ಕಳು ಓದಿರದ ಪುಸ್ತಕವನ್ನು ಸ್ಪರ್ಧೆಯಿಂದ ಬಿಡುವುದು ಇದ್ದುದರಲ್ಲಿ ಮೇಲು. ಇನ್ನು ಕೈ ಎತ್ತಿಸಿ ಎಣಿಸುವುದಂತೂ ಬೇಡವೇ ಬೇಡ. ತರಗತಿಯ ಜೋರು ಹುಡುಗನ ಕೈ ಮೇಲೇಳುವ ತನಕ ಉಳಿದವರು ಕಾಯುತ್ತಾರೆ.

ಮಕ್ಕಳು ಬರೀ ಹೆಸರಿಗೆ ಮರುಳಾಗುತ್ತಾರೆ ಎಂಬ ಆಕ್ಷೇಪ ಹಳೆಯದು. ಬ್ರಿಟನ್ನಿನ ಸ್ಮಾರ್ಟೀಸ್ ಪ್ರಶಸ್ತಿಯಲ್ಲಿ ದೊಡ್ಡವರು ಕಿರುಪಟ್ಟಿ ಮಾಡಿದ ಮೇಲೆ ಶಾಲಾಮಕ್ಕಳು ಮತ ಹಾಕುತ್ತಿದ್ದರು. 1997ರಿಂದ 1999ರವರೆಗೆ ಸತತ ಮೂರು ವರ್ಷ ಹ್ಯಾರಿ ಪಾಟರ್ ಪುಸ್ತಕಗಳಿಗೇ ಚಿನ್ನ. ನಾಲ್ಕನೆಯದನ್ನು ಪರಿಗಣಿಸಬೇಡಿ ಎಂದು ಕೊನೆಗೆ ಲೇಖಕಿಯೇ ಹಿಂದೆ ಸರಿದರು. ಮೂರನೆಯ ಗೆಲುವು ಹೆಸರಿನ ಬಲ ಎನ್ನಿ, ಒಪ್ಪೋಣ. ಆದರೆ ಮೊದಲನೆಯ ಸಲ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಊರಮಟ್ಟದ ಪ್ರಶಸ್ತಿಗೆ ಬೇರೆಯದೇ ಒಂದು ತೊಡಕಿದೆ. 400 ಮತದ ಶಾಲೆಯೊಂದು 25 ಮತದ ಶಾಲೆಗಳನ್ನು ನುಂಗಿಹಾಕುತ್ತದೆ. ಪ್ರತಿ ಶಾಲೆಯೂ ತನ್ನ ಮತವನ್ನು ಸ್ಥಾನಪಟ್ಟಿಯಾಗಿ ಕಳಿಸಲಿ, ಮೊದಲ ಸ್ಥಾನಕ್ಕೆ 6 ಅಂಕ, ಎರಡನೆಯದಕ್ಕೆ 5 ಎಂದರೆ ಸಣ್ಣ ಶಾಲೆಯ ಒಂದು ಮಗುವಿನ ಮತ ದೊಡ್ಡ ಶಾಲೆಯ 16 ಮತಕ್ಕೆ ಸಮವಾಗುತ್ತದೆ. ಎಲ್ಲ ಮತ ಒಟ್ಟಿಗೆ ಎಣಿಸುವುದೋ, ಶಾಲೆಗೊಂದು ಸ್ಥಾನಪಟ್ಟಿಯೋ, ಎರಡರಲ್ಲಿ ಯಾವುದೇ ಆಗಲಿ, ಪಟ್ಟಿ ಹೊರಬೀಳುವ ಮೊದಲೇ ಬರೆದಿಡಬೇಕು. ಎಣಿಕೆಯ ದಿನ ಎತ್ತಿದ ಮಾತು ಜಗಳಕ್ಕೇ ಹೋಗುತ್ತದೆ.

ಪಟ್ಟಿಯನ್ನೂ ಮಕ್ಕಳಿಂದಲೇ ಮಾಡಿಸುವ ಉಮೇದಿದ್ದರೆ ವಯಸ್ಸನ್ನು ಮರೆಯುವಂತಿಲ್ಲ. ಈ ವರ್ಷ ಐದನೇ ತರಗತಿಯವರು ಆರಿಸಿದ ಪುಸ್ತಕಗಳು ಓದಿಗೆ ಬರುವಾಗ ಅವರು ಆರರಲ್ಲಿರುತ್ತಾರೆ, ಅವು ಆಗಲೇ ಅವರಿಗೆ ಚಿಕ್ಕವರ ಪುಸ್ತಕಗಳಾಗಿರುತ್ತವೆ. ಹಾಗಾಗಿ ಐದನೆಯವರ ಪ್ರಶಸ್ತಿಗೆ ಪಟ್ಟಿ ಮಾಡಲು ಈಗ ನಾಲ್ಕರಲ್ಲಿರುವವರನ್ನು ಕೂರಿಸಬೇಕು, ಅವರ ಕೈಗೆ ಕೊಡುವ ಪುಸ್ತಕ ಅವರಿಗೆ ಕೊಂಚ ಕಷ್ಟವೇ ಆಗಬೇಕು.