ಅಮ್ಮನಿಗೆ ಕಿವಿ ಮಂದವಾಗಿದೆ, ವಯಸ್ಸಾಯಿತು ಅಂತ ಬಿಟ್ಟುಬಿಡಬಹುದಾ?

ಪ್ರಶ್ನೆ: ಅಮ್ಮನಿಗೆ 71 ವರ್ಷ. ಟಿವಿ ಜೋರಾಗಿ ಇಡುತ್ತಾರೆ. ಮದುವೆ, ಮುಂಜಿಗೆ ಕರೆದರೆ "ನೀವೇ ಹೋಗಿ ಬನ್ನಿ" ಅನ್ನುತ್ತಾರೆ. ಡಾಕ್ಟರಿಗೆ ತೋರಿಸೋಣ ಅಂದರೆ "ನನಗೆ ಕೇಳುತ್ತೆ, ನೀವೇ ಗೊಣಗ್ತೀರಿ" ಅಂತಾರೆ. ವಯಸ್ಸಾದ ಮೇಲೆ ಇದೆಲ್ಲ ಇದ್ದಿದ್ದೇ ಅಲ್ವಾ?

ಉತ್ತರ: ಇದ್ದಿದ್ದೇ, ಆದರೆ ಹಾಗೇ ಬಿಡಬೇಡಿ. ಅಮ್ಮ ಸುಳ್ಳನ್ನೂ ಹೇಳುತ್ತಿಲ್ಲ. ಒಳಗಿವಿಯಲ್ಲಿ ಸದ್ದು ಹಿಡಿಯುವ ಸೂಕ್ಷ್ಮ ಜೀವಕೋಶಗಳು ವಯಸ್ಸಾದಂತೆ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಕೀಚಲು ಸದ್ದುಗಳು. ಆ, ಊ ಥರದ ಸ್ವರಗಳು ಕೇಳುತ್ತಲೇ ಇರುತ್ತವೆ. ಸ, ತ, ಕ, ಚ ಮಾಸಿಹೋಗುತ್ತವೆ. ಹತ್ತು, ಹಚ್ಚು, ಹಕ್ಕು ಮೂರೂ ಒಂದೇ ಥರ ಕೇಳಿಸಬಹುದು. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಗೊಣಗಿದ ಹಾಗೇ ಇರುತ್ತದೆ.

ನಮ್ಮಜ್ಜಿಯನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಹಬ್ಬದ ದಿನ ಎಲ್ಲರೂ ನಡುಮನೆಯಲ್ಲಿ ನಗುವಾಗ ಅವರೂ ನಗುತ್ತಿದ್ದರು, ಸ್ವಲ್ಪ ತಡವಾಗಿ. ನಮ್ಮ ಮುಖ ನೋಡಿಕೊಂಡು ನಗುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. "ಏನಂದ್ಯೋ?" ಅಂತ ಕೇಳಿದರೆ ನಾನು "ಏನಿಲ್ಲ ಬಿಡಜ್ಜಿ" ಅಂದಿದ್ದೇ ಜಾಸ್ತಿ. ಬರಬರುತ್ತಾ ಬತ್ತಿ ಹೊಸೆಯುವ ನೆಪದಲ್ಲಿ ದೇವರ ಮನೆ ಸೇರಿಕೊಂಡರು.

ನಿಮ್ಮಮ್ಮ ಮದುವೆ ಮನೆ ಬೇಡ ಅನ್ನುವುದೂ ಬಹುಶಃ ಇದಕ್ಕೇ. ವಾಲಗ, ಗದ್ದಲದ ನಡುವೆ ಒಂದೊಂದು ಮಾತನ್ನೂ ಊಹಿಸಿ ಊಹಿಸಿ ತಲೆ ಸೋತುಹೋಗುತ್ತದೆ. ಆಮೇಲೆ ಒಂಟಿತನ, ಸಿಡುಕು, ಮಂಕು. ಮರೆಗುಳಿತನಕ್ಕೂ ಇದಕ್ಕೂ ನಂಟಿದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದ 2024ರ ವರದಿ, ಮರೆಗುಳಿತನದ ಅಪಾಯ ಹೆಚ್ಚಿಸುವ, ನಾವು ಸರಿಪಡಿಸಬಹುದಾದ 14 ಅಂಶಗಳನ್ನು ಗುರುತಿಸಿದೆ. ಕಿವಿ ಮಂದವಾಗುವುದು ಅದರಲ್ಲಿ ಒಂದು. ಕಿವಿ ಮಂದವಾದವರಿಗೆಲ್ಲ ಮರೆವು ಬರುತ್ತದೆ ಅಂತಲ್ಲ, ಹೆದರಬೇಡಿ.

ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿರುತ್ತದೆ, ತೆಗೆದರೆ ಸರಿಹೋಗುತ್ತದೆ. ಇಲ್ಲದಿದ್ದರೆ ಹೆಡ್‌ಫೋನ್ ಹಾಕಿ ಸದ್ದು ಕೇಳಿಸುವ ಪರೀಕ್ಷೆ ಮಾಡುತ್ತಾರೆ, ನೋವೇನಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಹೆಸರಾದ ಜಾಗ. ಬಿಪಿಎಲ್ ಕುಟುಂಬದ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣಯಂತ್ರ ಉಚಿತವಾಗಿ ಸಿಗುತ್ತದೆ. ಯಂತ್ರ ಹಾಕಿದ ಮೊದಲ ದಿನಗಳಲ್ಲಿ ಪಾತ್ರೆ, ಫ್ಯಾನ್ ಸದ್ದೆಲ್ಲ ಕಿವಿಗೆ ಹೊಡೆಯುತ್ತದೆ. ಅದಕ್ಕೇ ಎಷ್ಟೋ ಜನ ತೆಗೆದು ಡಬ್ಬಿಗೆ ಹಾಕಿಬಿಡುತ್ತಾರೆ. ದಿನಕ್ಕೆ ಸ್ವಲ್ಪ ಹೊತ್ತಿನಿಂದ ಶುರು ಮಾಡಿಸಿ, ಕೆಲವು ವಾರ ಜೊತೆಗಿರಿ.

ಮನೆಯಲ್ಲಿ ಕಿರುಚಬೇಡಿ, ಕಿರುಚಿದರೆ ಮಾತು ಇನ್ನೂ ಒಡೆದುಹೋಗುತ್ತದೆ. ಟಿವಿ ಆರಿಸಿ, ಎದುರಿಗೆ ಕೂತು, ನಿಧಾನವಾಗಿ ಮಾತಾಡಿ. ತಿಳಿಯದಿದ್ದರೆ ಬೇರೆ ಪದದಲ್ಲಿ ಹೇಳಿ.

ಇನ್ನೊಂದು ಮಾತು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಅದು ವಯಸ್ಸಿನದ್ದಲ್ಲ. ಆ ದಿನವೇ ಡಾಕ್ಟರ ಹತ್ತಿರ ಹೋಗಿ.