ಸಾಫ್ಟ್‌ಫೋನಿನಲ್ಲಿ ಒತ್ತಿದ ಅಂಕೆ ಮೆನುಗೆ ಕೇಳದಿದ್ದಾಗ

"ಕನ್ನಡಕ್ಕಾಗಿ ಎರಡನ್ನು ಒತ್ತಿ" ಎನ್ನುತ್ತದೆ ಆ ಕಡೆಯ ದನಿ. 2 ಒತ್ತಿದರೂ ಅದೇ ಮಾತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸಾಫ್ಟ್‌ಫೋನಿನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಕರೆ ಮಾಡುವ ಆ್ಯಪಿನಲ್ಲಿ, ಹೀಗಾದರೆ ಅಂಕೆ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಮೊದಲು ನೋಡಬೇಕು.

ಗುಂಡಿ ಫೋನಿನ ಪ್ರತಿ ಕೀಲಿಗೂ ಎರಡು ಸ್ವರಗಳಿವೆ: ಅಡ್ಡಸಾಲಿನದೊಂದು, ಕಂಬಸಾಲಿನದೊಂದು. 5 ಎಂದರೆ 770 ಮತ್ತು 1336 ಹರ್ಟ್ಜ್ ಒಟ್ಟಿಗೆ. ಇದೇ ಡಿಟಿಎಂಎಫ್, ಅಮೆರಿಕದಲ್ಲಿ 1963ರಲ್ಲಿ ಗ್ರಾಹಕರ ಕೈಗೆ ಬಂತು. ಸಾಫ್ಟ್‌ಫೋನ್ ಈ ಅಂಕೆಯನ್ನು ಮೂರು ರೀತಿಯಲ್ಲಿ ಕಳಿಸಬಲ್ಲದು.

ಮೊದಲನೆಯದು ಇನ್‌ಬ್ಯಾಂಡ್. ಇದರಲ್ಲಿ ಸ್ವರವು ಮಾತಿನ ಜೊತೆಗೇ ಧ್ವನಿಯಾಗಿ ಹೋಗುತ್ತದೆ. ಸೆಕೆಂಡಿಗೆ 64 ಕಿಲೋಬಿಟ್‌ನ ಜಿ.711 ಕೋಡೆಕ್ (ಧ್ವನಿಯನ್ನು ಡಿಜಿಟಲ್ ರೂಪಕ್ಕೆ ತರುವ ವಿಧಾನ) ಇದ್ದರೆ ಸಾಮಾನ್ಯವಾಗಿ ನಡೆಯುತ್ತದೆ. 8 ಕಿಲೋಬಿಟ್‌ನ ಜಿ.729 ಇದ್ದರೆ ನೆಚ್ಚಿಕೊಳ್ಳಬೇಡಿ: ಅದು ಮನುಷ್ಯನ ಮಾತಿಗೆಂದೇ ಹೊಲಿದ ಅಂಗಿ, ಶುದ್ಧ ಸ್ವರಗಳು ಅದರಲ್ಲಿ ಸೊಟ್ಟಗಾಗುತ್ತವೆ. ಎರಡನೆಯದು ಆರ್‌ಎಫ್‌ಸಿ 2833 ಎಂಬ ಇಂಟರ್ನೆಟ್ ಮಾನದಂಡ. ಇದರಲ್ಲಿ "5 ಒತ್ತಲಾಗಿದೆ, ಇಷ್ಟು ಹೊತ್ತು" ಎಂಬ ಮಾಹಿತಿ ಧ್ವನಿಯ ಹರಿವಿನಲ್ಲೇ ಬೇರೆ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಕೊನೆಯ ಪ್ಯಾಕೆಟ್ ಅನ್ನು ಮೂರು ಸಲ ಕಳಿಸುವುದರಿಂದ ಒಂದು ಪ್ರತಿ ದಾರಿಯಲ್ಲಿ ಕಳೆದುಹೋದರೂ ಅಂಕೆ ಉಳಿಯುತ್ತದೆ. ಮೂರನೆಯದು ಎಸ್‌ಐಪಿ ಇನ್ಫೋ. ಎಸ್‌ಐಪಿ ಎಂದರೆ ಇಂಟರ್ನೆಟ್ ಕರೆಯನ್ನು ಜೋಡಿಸುವ, ಮುಗಿಸುವ ಪದ್ಧತಿ. ಅಂಕೆ ಆ ಸಂಕೇತಗಳ ಜೊತೆ ಹೋಗುತ್ತದೆ, ಸರ್ವರ್ ಒಪ್ಪಿದರೆ ಮಾತ್ರ ಉಪಯೋಗ.

ನಮ್ಮ ಸಲಹೆ: ಮೊದಲು 2833 ಹಾಕಿ. ಮೈಕ್ರೋಸಿಪ್, ಲಿನ್‌ಫೋನ್ ಎಂಬ ಸಾಫ್ಟ್‌ಫೋನ್‌ಗಳಲ್ಲಿ ಈ ಆಯ್ಕೆ ಸೆಟ್ಟಿಂಗ್ಸ್ ಒಳಗಿದೆ. ಬದಲಿಸಿದ ಮೇಲೆ ಕರೆ ಕತ್ತರಿಸಿ ಹೊಸದಾಗಿ ಮಾಡಿ, ಏಕೆಂದರೆ ಈ ಒಪ್ಪಂದ ಎರಡೂ ಕಡೆಯ ನಡುವೆ ಕರೆಯ ಆರಂಭದಲ್ಲೇ ಆಗುತ್ತದೆ. ಸರ್ವರ್ ಕಡೆ 4733 ಎಂದು ಕಂಡರೆ ಗಾಬರಿ ಬೇಡ. 2006ರಲ್ಲಿ 2833ರ ಜಾಗಕ್ಕೆ ಬಂದದ್ದು ಅದೇ, ಎರಡೂ ಒಂದಕ್ಕೊಂದು ಹೊಂದುತ್ತವೆ.

1 ಅನ್ನು ಒಂದೇ ಸಲ ಒತ್ತಿದ್ದನ್ನು ಮೆನು "11" ಎಂದು ಓದಿಕೊಂಡರೆ? ನಡುವಿನ ಯಾವುದೋ ಗೇಟ್‌ವೇ (ಎರಡು ಜಾಲಗಳನ್ನು ಬೆಸೆಯುವ ಸಾಧನ) ಪ್ಯಾಕೆಟ್ಟನ್ನೂ ಸ್ವರವನ್ನೂ ಎರಡನ್ನೂ ದಾಟಿಸುತ್ತಿರಬಹುದು. ಸಾಫ್ಟ್‌ಫೋನ್ ಒಂದೇ ವಿಧಾನದಲ್ಲಿ ಕಳಿಸುತ್ತಿದೆ ಎಂದು ಖಚಿತಪಡಿಸಿಕೊಂಡು, ಉಳಿದದ್ದನ್ನು ಸೇವೆ ಕೊಡುವವರಿಗೆ ತಿಳಿಸಿ.

ಒತ್ತುವಾಗ ಕರೆಯ ಪರದೆಯೊಳಗಿನ ಕೀಪ್ಯಾಡನ್ನೇ ತೆರೆಯಿರಿ. ಹೊರಗಿನ ಡಯಲ್ ಪ್ಯಾಡಿನಲ್ಲಿ ಒತ್ತಿದರೆ ಕೆಲವು ಆ್ಯಪ್‌ಗಳು ಹೊಸ ಕರೆಗೆ ಸಿದ್ಧವಾಗುತ್ತವೆ. ಕಂಪ್ಯೂಟರಿನ ಕೀಲಿಮಣೆ ಬಳಸುವಾಗ ಸಾಫ್ಟ್‌ಫೋನಿನ ಕಿಟಕಿ ಮುಂದಿರಬೇಕು. ಖಾತೆ ಸಂಖ್ಯೆಯಂಥ ಉದ್ದದ ಅಂಕೆಗಳನ್ನು ಒಂದರ ನಂತರ ಒಂದು, ಸುಮಾರು ಅರ್ಧ ಸೆಕೆಂಡಿನ ಬಿಡುವು ಕೊಟ್ಟು ಒತ್ತಿ. ಕ್ಲಿಪ್‌ಬೋರ್ಡಿನಿಂದ ಒಮ್ಮೆಲೇ ಅಂಟಿಸಿದರೆ ಕೆಲವು ಮೆನುಗಳು ನಡುವಿನ ಅಂಕೆ ಬಿಟ್ಟುಬಿಡುತ್ತವೆ. ಮಾತಿನಿಂದಲೇ ಉತ್ತರ ಕೇಳುವ ಮೆನುವಾದರೆ, ಅದು ಮಾತಾಡುವಷ್ಟು ಹೊತ್ತು ಮೈಕ್ ಮ್ಯೂಟ್ ಮಾಡಿ. ಇಲ್ಲದಿದ್ದರೆ ಸ್ಪೀಕರಿನಿಂದ ಬಂದ ಅದರದೇ ದನಿಯನ್ನು ಅದು ನಿಮ್ಮ ಉತ್ತರವೆಂದು ತಿಳಿಯಬಹುದು. 2833ರಲ್ಲಿ ಮೈಕ್ ಮ್ಯೂಟ್ ಇದ್ದರೂ ಅಂಕೆಗಳು ಹೋಗುತ್ತವೆ.